ದುಡ್ಡು ಮುಗಿದಾಗ ದೀಪ ಆರಬೇಕೇ?



"ಇಂದು ನಗದು, ನಾಳೆ ಉದ್ರಿ" – ಊರ ಕಿರಾಣಿ ಅಂಗಡಿಯಲ್ಲಿ ಈ ಬೋರ್ಡು ಓದದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬೋರ್ಡಿನ ಕೆಳಗೇ ಕೆಂಪು ರಟ್ಟಿನ ಉದ್ರಿ ಪುಸ್ತಕವೂ ಇರುತ್ತಿತ್ತೆನ್ನಿ! ಗೊತ್ತಿದ್ದವರಿಗೆ ಪುಸ್ತಕ, ಗೊತ್ತಿಲ್ಲದವರಿಗೆ ಬೋರ್ಡು. ಉದ್ರಿ ಕೊಟ್ಟಾಗ ಅಂಗಡಿಯವನು ನಮ್ಮನ್ನು ನಂಬುತ್ತಾನೆ. ಮುಂಗಡ ಕೊಟ್ಟಾಗ ನಾವು ಅವನನ್ನು ನಂಬುತ್ತೇವೆ. ವ್ಯಾಪಾರವೆಲ್ಲ ಈ ಎರಡರ ನಡುವೆ.

ಇವತ್ತು ಸಾಫ್ಟ್‌ವೇರ್ ಕಂಪನಿಗಳು ತಮ್ಮ ಸರಕನ್ನು ಇದೇ ರೀತಿ ಮಾರುತ್ತಿವೆ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನಮ್ಮ ಕಾರ್ಯಕ್ರಮ ಕೇಳುವ ಐಟಿ ಮಿತ್ರರಿಗೆ ಇದು ದಿನನಿತ್ಯದ ಮಾತು. ಉಳಿದವರಿಗಾಗಿ ಎರಡು ಪದ ಬಿಡಿಸಿ ಹೇಳುತ್ತೇನೆ. ಮೊದಲೇ ದುಡ್ಡು ಕಟ್ಟಿ ಕೊಂಡು, ಬಳಸಿದಷ್ಟು ಕಳೆಯುತ್ತ ಹೋಗುವುದು ಪ್ರೀಪೇಯ್ಡ್ ಕ್ರೆಡಿಟ್. ಒಪ್ಪಿಕೊಂಡ ಪ್ರಮಾಣಕ್ಕಿಂತ ಹೆಚ್ಚು ಬಳಸಿದರೆ, ಆ ಹೆಚ್ಚಿನದಕ್ಕೆ ಬೇರೆ ದರದಲ್ಲಿ ಬೀಳುವ ಬಿಲ್ಲು ಓವರೇಜ್. ಪದಗಳು ಹೊಸವು, ಲೆಕ್ಕ ಮಾತ್ರ ನೂರು ವರ್ಷಕ್ಕೂ ಹಳೆಯದು. ಆ ಲೆಕ್ಕದ ಬೆನ್ನು ಹತ್ತಿ ಹೋದರೆ ಪ್ರತಿ ಕಾಲದಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ: ದುಡ್ಡು ಮುಗಿದಾಗ ಏನಾಗಬೇಕು, ಮತ್ತು ಅಳತೆಯ ಸೇರು ಯಾರ ಕೈಯಲ್ಲಿರಬೇಕು?

ಲಂಡನ್ನಿನ ಪೆನ್ನಿ ಮೀಟರು

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೀದಿಯ ಕೆಳಗೆ ಕೊಳವೆ ಹಾಕಿ, ಕಲ್ಲಿದ್ದಲಿನಿಂದ ತೆಗೆದ ಗ್ಯಾಸನ್ನು ಮನೆಗಳಿಗೆ ಕೊಡುವ ಕಂಪನಿಗಳಿದ್ದವು. ಬಿಲ್ಲು ಮೂರು ತಿಂಗಳಿಗೊಮ್ಮೆ. ವಾರದ ಕೂಲಿಯಲ್ಲಿ ಬದುಕುವ ಕಾರ್ಮಿಕನಿಗೆ ಮೂರು ತಿಂಗಳ ಹಣ ಒಟ್ಟಿಗೆ ಕಟ್ಟುವುದು ಆಗದ ಮಾತು. ಅವನನ್ನು ನಂಬಿ ಗ್ಯಾಸ್ ಕೊಡುವ ಧೈರ್ಯ ಕಂಪನಿಗೂ ಇರಲಿಲ್ಲ. ಹಾಗಾಗಿ ಬಡವರ ಮನೆಯಲ್ಲಿ ಸೀಮೆಎಣ್ಣೆ, ಮೇಣದ ಬತ್ತಿಯೇ ಗತಿಯಾಗಿತ್ತು.

1880ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರೌನ್‌ಹಿಲ್ ಎಂಬಾತ ನಾಣ್ಯ ಹಾಕಿ ತಿರುಗಿಸುವ ಗ್ಯಾಸ್ ಮೀಟರಿಗೆ ಪೇಟೆಂಟ್ ಪಡೆದ. ಒಂದು ಪೆನ್ನಿ ಹಾಕಿದರೆ ಒಂದು ಪೆನ್ನಿಯಷ್ಟು ಗ್ಯಾಸ್. ಅಷ್ಟು ಹರಿದ ಮೇಲೆ ಒಳಗಿನ ಕವಾಟ ಮುಚ್ಚಿಕೊಳ್ಳುತ್ತದೆ, ದೀಪ ಮಂಕಾಗಿ ಆರುತ್ತದೆ. 1892ರಲ್ಲಿ ದಕ್ಷಿಣ ಲಂಡನ್ನಿನ ಸೌತ್ ಮೆಟ್ರೊಪಾಲಿಟನ್ ಗ್ಯಾಸ್ ಕಂಪನಿ ಈ ಮೀಟರನ್ನು ಕಾರ್ಮಿಕರ ಮನೆಗಳಲ್ಲಿ ಕೂರಿಸಲು ಆರಂಭಿಸಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಲಕ್ಷಾಂತರ ಮನೆಗಳಿಗೆ ಅದು ಬಂದಿತ್ತು. ಠೇವಣಿ ಇಲ್ಲ, ಜಾಮೀನು ಇಲ್ಲ, ಸಾಲವಿಲ್ಲ. ಬಡವರ ಅಡುಗೆಮನೆಗೆ ಗ್ಯಾಸ್ ಒಲೆ ಬಂದದ್ದು ಹೀಗೆ.

ಆದರೆ ಇದರಲ್ಲೊಂದು ಸೂಕ್ಷ್ಮವಿತ್ತು. ಮೂರು ತಿಂಗಳಿಗೊಮ್ಮೆ ಬಿಲ್ ಕಟ್ಟುವ ಅನುಕೂಲಸ್ಥನಿಗೆ ಒಂದು ಪೆನ್ನಿಗೆ ಎಷ್ಟು ಗ್ಯಾಸ್ ಸಿಗುತ್ತಿತ್ತೋ, ನಾಣ್ಯ ಹಾಕುವವನಿಗೆ ಅದಕ್ಕಿಂತ ಕಡಿಮೆ ಸಿಗುತ್ತಿತ್ತು. ಮೀಟರು, ಕೊಳವೆ, ಒಲೆಯ ಖರ್ಚೆಲ್ಲ ಆ ಪೆನ್ನಿಯೊಳಗೇ ಸೇರಿತ್ತು. ಹಣ ಮೊದಲು ಕೊಟ್ಟವನು ಬಡವ, ಹೆಚ್ಚು ಬೆಲೆ ತೆತ್ತವನೂ ಅವನೇ. ಮುಂದೆ ಅನೇಕ ಕಡೆ ಒಂದು ಪದ್ಧತಿ ಬೆಳೆಯಿತು. ಮೀಟರಿನ ಪೆಟ್ಟಿಗೆ ಬಿಡಿಸಲು ಬಂದ ಕಂಪನಿಯ ನೌಕರ ಅಡುಗೆಮನೆಯ ಮೇಜಿನ ಮೇಲೆ ನಾಣ್ಯ ಸುರಿದು ಎಣಿಸಿ, ಲೆಕ್ಕಕ್ಕಿಂತ ಹೆಚ್ಚಿಗೆ ಬಂದ ಒಂದು ಪಾಲನ್ನು ಮನೆಯೊಡತಿಗೆ ಅಲ್ಲೇ ಹಿಂತಿರುಗಿಸುತ್ತಿದ್ದ. ಆ ದಿನ ಎಷ್ಟೋ ಮನೆಗಳಲ್ಲಿ ಹಬ್ಬದಂತೆ.

ಮೂರು ನಿಮಿಷ ಮತ್ತು ಒಂದು ಬೀಗ

ಗ್ಯಾಸನ್ನು ಅಳೆದ ಹಾಗೆ ಮಾತನ್ನೂ ಅಳೆಯಬಹುದೆಂದು ತೋರಿಸಿದ್ದು ಟೆಲಿಫೋನು. ನಮ್ಮ ರೇಡಿಯೋಗೂ ಈ ಕಥೆಯಲ್ಲಿ ಪಾಲಿದೆ! ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ 1922ರಲ್ಲಿ ನ್ಯೂಯಾರ್ಕಿನಲ್ಲಿ ಡಬ್ಲ್ಯುಇಎಎಫ್ ಎಂಬ ಬಾನುಲಿ ಕೇಂದ್ರ ತೆರೆದು, ಫೋನ್ ಕರೆಯ ಹಾಗೆಯೇ ಹೊತ್ತಿನ ಲೆಕ್ಕದಲ್ಲಿ ಪ್ರಸಾರ ಸಮಯವನ್ನು ಮಾರಾಟಕ್ಕಿಟ್ಟಿತು. ಇವತ್ತು ನಮ್ಮ ಜಾಹೀರಾತುಗಳು ಹತ್ತು ಸೆಕೆಂಡಿನ ಲೆಕ್ಕದಲ್ಲಿ ಮಾರಾಟವಾಗುವುದರ ಬೇರು ಅಲ್ಲಿದೆ.

ಮುಂಬಯಿಯಿಂದ ಉಡುಪಿಗೋ ದೆಹಲಿಯಿಂದ ಧಾರವಾಡಕ್ಕೋ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದ ಹಿರಿಯ ಕೇಳುಗರಿಗೆ ಮೂರು ನಿಮಿಷದ ಬೆಲೆ ಗೊತ್ತು. ಮೂರು ನಿಮಿಷಕ್ಕೆ ಒಂದು ದರ. ಆಪರೇಟರ್ ನಡುವೆ ಬಂದು ಎಚ್ಚರಿಸಿದ ಮೇಲೂ ಮುಂದುವರಿಸಿದರೆ ಮತ್ತೊಂದು ಸುತ್ತಿನ ದರ. ಇಂಗ್ಲಿಷಿನಲ್ಲಿ ಇವತ್ತು ಓವರೇಜ್ ಎನ್ನುವುದು ಇದನ್ನೇ. ಆದರೆ ಅಲ್ಲಿ ಎಚ್ಚರಿಸುವ ಒಂದು ಮನುಷ್ಯ ದನಿ ಇತ್ತು.

1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ದೇಶದ ಮೊದಲ ಎಸ್‌ಟಿಡಿ ಸೌಲಭ್ಯ ಬಂತು. ಆಪರೇಟರ್ ಬೇಡವಾದಳು, ಹಾಗೆಯೇ ಎಚ್ಚರಿಕೆಯೂ ಹೋಯಿತು. ಎಕ್ಸ್‌ಚೇಂಜಿನಲ್ಲಿ ಮೀಟರು ಸದ್ದಿಲ್ಲದೆ ಓಡುತ್ತಿತ್ತು, ಬಿಲ್ಲು ಬಂದಾಗಲೇ ಮನೆಯವರಿಗೆ ಎಚ್ಚರ. ಇದಕ್ಕೆ ನಮ್ಮ ಮಧ್ಯಮ ವರ್ಗ ಕಂಡುಕೊಂಡ ಉಪಾಯ ನೆನಪಿದೆಯೇ? ಫೋನಿನ ಡಯಲಿಗೆ ಪುಟ್ಟ ಬೀಗ! ಕೀಲಿ ಯಜಮಾನರ ಜನಿವಾರದಲ್ಲೋ ಅಮ್ಮನ ಸೆರಗಿನ ತುದಿಯಲ್ಲೋ. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂದು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತದ್ದೂ ಇದೇ ಲೆಕ್ಕದ ಇನ್ನೊಂದು ಮುಖ.

ಅಮ್ಮಂದಿರು ಕೂಡಿಸಿದ ಹಣ

ನಾವು ಡಯಲಿಗೆ ಬೀಗ ಹಾಕುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲಿ ಕಂಪ್ಯೂಟರಿಗೂ ಮೀಟರು ಬಂದಿತ್ತು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ದುಬಾರಿ ಯಂತ್ರ. ಒಂದೇ ಯಂತ್ರವನ್ನು ಅನೇಕರು ಏಕಕಾಲಕ್ಕೆ ಹಂಚಿಕೊಂಡು ಬಳಸುವ ಟೈಮ್ ಶೇರಿಂಗ್ ಪದ್ಧತಿ 1960ರ ದಶಕದಲ್ಲಿ ಬೆಳೆಯಿತು. 1961ರಲ್ಲಿ ಎಂಐಟಿ ಸಂಸ್ಥೆಯ ಶತಮಾನೋತ್ಸವದಲ್ಲಿ ಮಾತನಾಡಿದ ಜಾನ್ ಮೆಕಾರ್ಥಿ, ಟೆಲಿಫೋನಿನ ಹಾಗೆ ಕಂಪ್ಯೂಟರ್ ಸೇವೆಯೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದು ಎಂದಿದ್ದರು. ಕೆಲವೇ ವರ್ಷಗಳಲ್ಲಿ ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳು ಫೋನ್ ತಂತಿಯ ಮೂಲಕ ಕಂಪ್ಯೂಟರ್ ಸಮಯ ಮಾರತೊಡಗಿದವು. ಸಂಪರ್ಕದಲ್ಲಿದ್ದ ಹೊತ್ತಿಗೆ ಒಂದು ದರ, ಯಂತ್ರ ನಿಮ್ಮ ಲೆಕ್ಕ ಮಾಡಿದ ಸೆಕೆಂಡುಗಳಿಗೆ ಇನ್ನೊಂದು.

1968ರಲ್ಲಿ ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯ ತಾಯಂದಿರ ಸಂಘ, ಹಳೆಯ ಸಾಮಾನು ಮಾರಿ ಬಂದ ಹಣದಲ್ಲಿ ಮಕ್ಕಳಿಗಾಗಿ ಒಂದು ಟೆಲಿಟೈಪ್ ಯಂತ್ರಕ್ಕೂ ಕಂಪ್ಯೂಟರ್ ಸಮಯಕ್ಕೂ ದುಡ್ಡು ಕಟ್ಟಿತು. ವರ್ಷಕ್ಕೆ ಸಾಕಾದೀತೆಂದುಕೊಂಡ ಹಣವನ್ನು ಹುಡುಗರು ನೋಡನೋಡುತ್ತಿದ್ದಂತೆ ಖಾಲಿ ಮಾಡಿದರು. ಆ ಹುಡುಗರಲ್ಲಿ ಇಬ್ಬರು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್. ಆಮೇಲೆ ಊರಿನಲ್ಲೇ ತೆರೆದ ಒಂದು ಕಂಪ್ಯೂಟರ್ ಕೇಂದ್ರ, ಯಂತ್ರದ ದೋಷ ಹುಡುಕಿ ಕೊಟ್ಟರೆ ಪುಕ್ಕಟೆ ಸಮಯ ಎಂದಿತು. ಆ ಸೌಲಭ್ಯ ಮುಗಿದು ಮೀಟರು ಮತ್ತೆ ಓಡತೊಡಗಿದಾಗ ಹುಡುಗರು ಕೇಂದ್ರದ ಲೆಕ್ಕದ ಕಡತಕ್ಕೇ ಕೈಹಾಕಿ ಸಿಕ್ಕಿಬಿದ್ದರು. ಒಂದು ಬೇಸಿಗೆ ಪೂರ್ತಿ ಅವರಿಗೆ ಪ್ರವೇಶ ನಿಷೇಧ. ಮುಂದೆ ಇನ್ನೊಂದು ಕಂಪನಿಗೆ ಸಂಬಳದ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಾಗ ಅವರು ಪ್ರತಿಫಲವಾಗಿ ಪಡೆದದ್ದೂ ಕಂಪ್ಯೂಟರ್ ಸಮಯವನ್ನೇ. ಕ್ರೆಡಿಟ್ ಅನ್ನುವುದು ಆಗಲೇ ಒಂದು ನಾಣ್ಯವಾಗಿತ್ತು.

ಐದು ಗಂಟೆ ದಾಟಿದ ಮೇಲೆ

ಇಂಟರ್ನೆಟ್ ಮನೆಗೆ ಬಂದಾಗ ಅದೇ ಮೀಟರು ಜೊತೆಗೆ ಬಂತು. 1990ರ ದಶಕದ ಮಧ್ಯದಲ್ಲಿ ಅಮೆರಿಕ ಆನ್‌ಲೈನ್, ಅಂದರೆ ಎಒಎಲ್, ತಿಂಗಳಿಗೆ 9.95 ಡಾಲರಿಗೆ ಐದು ಗಂಟೆ ಕೊಡುತ್ತಿತ್ತು. ಆಮೇಲೆ ಪ್ರತಿ ಗಂಟೆಗೆ 2.95 ಡಾಲರ್. ತಿಂಗಳಿಗೆ 25 ಗಂಟೆ ಕೂತವನ ಬಿಲ್ಲು 68.95 ಡಾಲರ್, ಅದರಲ್ಲಿ 59 ಡಾಲರ್ ಓವರೇಜ್! ಜನ ಗಡಿಯಾರ ನೋಡುತ್ತ ಇಂಟರ್ನೆಟ್ ಬಳಸುತ್ತಿದ್ದರು. 1996ರ ಡಿಸೆಂಬರಿನಲ್ಲಿ ಕಂಪನಿ ಮೀಟರನ್ನೇ ಕಿತ್ತುಹಾಕಿ, 19.95 ಡಾಲರಿಗೆ ಎಷ್ಟು ಹೊತ್ತಾದರೂ ಕೂತುಕೊಳ್ಳಿ ಎಂದಿತು. ಎಲ್ಲರೂ ಕೂತರು, ಯಾರೂ ಏಳಲಿಲ್ಲ. ಡಯಲ್ ಮಾಡಿದವರಿಗೆ ಬರೀ ಎಂಗೇಜ್ ಟೋನು. ದೂರು, ಮೊಕದ್ದಮೆ, ಕೊನೆಗೆ ಗ್ರಾಹಕರಿಗೆ ಹಣ ವಾಪಸು. ಮಿತಿಯಿಲ್ಲದ ಊಟಕ್ಕೆ ಪಂಕ್ತಿ ಹಾಕುವ ಮೊದಲು ಪಾತ್ರೆ ಎಷ್ಟು ದೊಡ್ಡದೆಂದು ನೋಡಿಕೊಳ್ಳಬೇಕು, ಅಲ್ಲವೇ?

ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಗಂಟೆಗಳನ್ನು ಮೊದಲೇ ಕೊಳ್ಳಬೇಕಿತ್ತು, ಜೊತೆಗೆ ಫೋನಿನ ಮೀಟರು ಬೇರೆ ಓಡುತ್ತಿತ್ತು. ಒಂದೇ ಕೆಲಸಕ್ಕೆ ಪ್ರೀಪೇಯ್ಡ್ ಒಂದು, ಪೋಸ್ಟ್‌ಪೇಯ್ಡ್ ಒಂದು!

ನಮ್ಮ ರೀಚಾರ್ಜ್ ಪುರಾಣ

1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಅದೇ ವರ್ಷ ಪೋರ್ಚುಗಲ್ಲಿನ ಟಿಎಂಎನ್ ಕಂಪನಿ ಮೊಬೈಲಿಗೆ ಪ್ರೀಪೇಯ್ಡ್ ಯೋಜನೆ ತಂದಿತು. ಜಗತ್ತಿನ ಮೊದಮೊದಲ ಯೋಜನೆಗಳಲ್ಲಿ ಅದೂ ಒಂದು. ಭಾರತಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಪೋಸ್ಟ್‌ಪೇಯ್ಡಿಗೆ ವಿಳಾಸ ಬೇಕು, ಠೇವಣಿ ಬೇಕು, ಕಂಪನಿಯ ನಂಬಿಕೆ ಬೇಕು. ಪ್ರೀಪೇಯ್ಡಿಗೆ ಜೇಬಿನಲ್ಲಿ ನೋಟು ಇದ್ದರೆ ಸಾಕಿತ್ತು. ಲಂಡನ್ನಿನ ಪೆನ್ನಿ ಮೀಟರಿನ ಕಥೆಯೇ ಮತ್ತೆ. ಇವತ್ತಿಗೂ ನಮ್ಮ ದೇಶದ ಮೊಬೈಲ್ ಗ್ರಾಹಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪ್ರೀಪೇಯ್ಡಿನವರೇ.

ಅಳತೆಯ ಜಗಳ ಇಲ್ಲೂ ನಡೆಯಿತು. 2003ರ ಮೇ 1ರವರೆಗೆ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. ನಿಮಿಷದ ಲೆಕ್ಕವಿದ್ದಾಗ 61 ಸೆಕೆಂಡ್ ಮಾತಾಡಿದರೆ ಎರಡು ನಿಮಿಷದ ದುಡ್ಡು. 2009ರಲ್ಲಿ ಹೊಸದಾಗಿ ಬಂದ ಒಂದು ಕಂಪನಿ ಸೆಕೆಂಡಿನ ಲೆಕ್ಕ ತಂದಿತು, ಉಳಿದವರು ಹಿಂಬಾಲಿಸಿದರು. 2005ರ ಕೊನೆಯಲ್ಲಿ ಜೀವಮಾನದ ವ್ಯಾಲಿಡಿಟಿ ಎಂದು 999 ರೂಪಾಯಿಯ ಯೋಜನೆಗಳು ಬಂದವು. 2018ರ ಕೊನೆಯಲ್ಲಿ 35 ರೂಪಾಯಿಯ ಕನಿಷ್ಠ ರೀಚಾರ್ಜ್ ಬಂದಾಗ ಆ ಜೀವಮಾನ ನಮ್ಮ ಆಯುಷ್ಯಕ್ಕಿಂತ ಚಿಕ್ಕದೆಂದು ತಿಳಿಯಿತು.

ಯುರೋಪಿನಲ್ಲಿ ಜಗಳ ಬಿಲ್ಲಿನದು. ಪಕ್ಕದ ದೇಶಕ್ಕೆ ಹೋಗಿ ಫೋನಿನಲ್ಲಿ ಇಂಟರ್ನೆಟ್ ತೆರೆದವರಿಗೆ ಎದೆ ಒಡೆಯುವ ಬಿಲ್ಲು ಬರುತ್ತಿತ್ತು. 2010ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ನಿಯಮ ಮಾಡಿತು: ಗ್ರಾಹಕ ಬೇರೆ ಹೇಳದಿದ್ದರೆ ತಿಂಗಳಿಗೆ 50 ಯೂರೋ ಆದ ಕೂಡಲೇ ಸಂಪರ್ಕ ನಿಲ್ಲಬೇಕು, 80 ಶೇಕಡ ಮುಟ್ಟಿದಾಗಲೇ ಎಚ್ಚರಿಕೆ ಹೋಗಬೇಕು. ನಮ್ಮ ಡಯಲಿನ ಬೀಗವನ್ನು ಅವರು ಕಾನೂನಿನಲ್ಲಿ ಬರೆದರು ಅನ್ನಿ. ನಮ್ಮ ಕಂಪನಿಗಳು ಮೂರನೆಯ ದಾರಿ ಹಿಡಿದವು. ದಿನದ ಡೇಟಾ ಮುಗಿದರೆ ದೀಪ ಆರುವುದಿಲ್ಲ, ಬಿಲ್ಲೂ ಬೆಳೆಯುವುದಿಲ್ಲ. ವೇಗ ಮಾತ್ರ 64 ಕೆಬಿಪಿಎಸ್‌ನಂಥ ಎತ್ತಿನ ಗಾಡಿಗೆ ಇಳಿಯುತ್ತದೆ.

ಮೋಡಕ್ಕೂ ಮೀಟರು

2006ರ ಮಾರ್ಚ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳಲ್ಲಿ ಜಾಗ ಬಾಡಿಗೆಗೆ ಕೊಡಲಾರಂಭಿಸಿತು: ಒಂದು ಜಿಬಿಗೆ ತಿಂಗಳಿಗೆ 15 ಸೆಂಟು. ಆಗಸ್ಟ್‌ನಲ್ಲಿ ಇಡೀ ಕಂಪ್ಯೂಟರ್, ಗಂಟೆಗೆ 10 ಸೆಂಟು. ಅದಕ್ಕೆ ಮೊದಲು ಹೊಸ ಕಂಪನಿ ತೆರೆಯುವವರು ಲಕ್ಷಗಟ್ಟಲೆ ಸುರಿದು ಯಂತ್ರ ಕೊಳ್ಳಬೇಕಿತ್ತು. ಈಗ ಬಳಸಿದಷ್ಟಕ್ಕೆ ತಿಂಗಳ ಕೊನೆಯಲ್ಲಿ ಬಿಲ್ಲು. ಬೆಂಗಳೂರಿನ ಎಷ್ಟೋ ಸಣ್ಣ ಕಂಪನಿಗಳು ಹುಟ್ಟಿದ್ದು ಈ ಅನುಕೂಲದಿಂದ. 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಆ ಸೇವೆಯ ಕೇಂದ್ರಗಳೂ ಬಂದವು. ಇಲ್ಲಿಯೂ ಒಂದು ಗಂಟೆ ಒಂದು ನಿಮಿಷಕ್ಕೆ ಎರಡು ಗಂಟೆಯ ಬಿಲ್ಲಾಗುತ್ತಿತ್ತು. ಸೆಕೆಂಡಿನ ಲೆಕ್ಕ ಬಂದದ್ದು 2017ರಲ್ಲಿ.

ಈಗ ಕ್ರೆಡಿಟ್ಟು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಸಾವಿರ ರೂಪಾಯಿ ಕೊಟ್ಟರೆ ಕಂಪನಿ ನಿಮಗೆ, ಉದಾಹರಣೆಗೆ, ಸಾವಿರ ಕ್ರೆಡಿಟ್ ಬರೆದಿಡುತ್ತದೆ. ಸಣ್ಣ ಕೆಲಸಕ್ಕೆ ಒಂದು ಕ್ರೆಡಿಟ್, ದೊಡ್ಡದಕ್ಕೆ ಹತ್ತು. ಯಾವುದಕ್ಕೆ ಎಷ್ಟು ಎಂಬ ಪಟ್ಟಿ ಕಂಪನಿಯ ಕೈಯಲ್ಲಿರುತ್ತದೆ. ರೂಪಾಯಿಯ ದರ ಏರಿಸದೆ ಪಟ್ಟಿ ಬದಲಿಸಿದರೂ ಬೆಲೆ ಏರಿದ ಹಾಗೆಯೇ. ನೀವು ಕೊಟ್ಟ ಮುಂಗಡ ಕಂಪನಿಯ ಲೆಕ್ಕಪುಸ್ತಕದಲ್ಲಿ ನೀವು ಬಳಸುವವರೆಗೆ ಋಣವಾಗಿಯೇ ಕೂತಿರುತ್ತದೆ. ಅವಧಿ ಮುಗಿದು ಕ್ರೆಡಿಟ್ ಸತ್ತರೆ ಆ ಋಣವೂ ಹರಿಯುತ್ತದೆ. ವ್ಯಾಲಿಡಿಟಿ ಎಂಬ ಪದದ ಹಿಂದಿರುವ ಲೆಕ್ಕ ಇದು.

ಒಂದು ಉದಾಹರಣೆ ಕಟ್ಟೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಮಾತ್ರ. ಒಂದು ಕನ್ನಡ ಸಂಘ, 2,500 ಸದಸ್ಯರು, ತಿಂಗಳಿಗೆ ನಾಲ್ಕು ಎಸ್‌ಎಂಎಸ್. ಒಟ್ಟು 10,000. ಸಂದೇಶ ಕಳಿಸುವ ಸಾಫ್ಟ್‌ವೇರಿನ ಯೋಜನೆ 5,000 ರೂಪಾಯಿಗೆ ಸರಿಯಾಗಿ 10,000 ಸಂದೇಶ, ಅಂದರೆ ಒಂದಕ್ಕೆ 50 ಪೈಸೆ. ದಾಟಿದರೆ 80 ಪೈಸೆ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕಾಗಿ ಎರಡು ಸಂದೇಶ ಹೆಚ್ಚು ಹೋದರೆ ಒಟ್ಟು 15,000. ಓವರೇಜ್ 4,000 ಸೇರಿ ಬಿಲ್ಲು 9,000 ರೂಪಾಯಿ. ಅದೇ ಕಂಪನಿಯಲ್ಲಿ 8,000 ರೂಪಾಯಿಗೆ 20,000 ಸಂದೇಶದ ಯೋಜನೆ ಇದ್ದರೆ, 13,750ನೆಯ ಸಂದೇಶದಲ್ಲೇ ಸಂಘ ಆ ಬೆಲೆಯನ್ನು ಮುಟ್ಟಿಬಿಡುತ್ತದೆ. ಓವರೇಜ್ ದರವನ್ನು ಎತ್ತರ ಇಡುವುದೇ ಗ್ರಾಹಕ ಮೇಲಿನ ಮೆಟ್ಟಿಲು ಹತ್ತಲಿ ಎಂದು.

ಹಾಗಾದರೆ ಪ್ರೀಪೇಯ್ಡ್ ಒಳ್ಳೆಯದೇ? ಆಗ ಬಿಲ್ಲು ಬೆಳೆಯುವುದಿಲ್ಲ ನಿಜ. ಆದರೆ 10,000 ಆದ ಕೂಡಲೇ ಕವಾಟ ಮುಚ್ಚುತ್ತದೆ. ಕೊನೆಯ ಸಂದೇಶ ಸಭಾಂಗಣ ಬದಲಾದ ಸುದ್ದಿಯಾಗಿದ್ದರೆ? ಜನ ಹಳೆಯ ವಿಳಾಸಕ್ಕೆ ಹೋಗಿ ಮುಚ್ಚಿದ ಗೇಟು ನೋಡಿ ಬರಬೇಕು. ಕ್ರೆಡಿಟ್ ಮುಗಿಯುತ್ತ ಬಂದಾಗ ತಾನಾಗಿ ಕಾರ್ಡಿನಿಂದ ಹಣ ಎಳೆದುಕೊಳ್ಳುವ ವ್ಯವಸ್ಥೆಯೂ ಇದೆ. ಅದಕ್ಕೆ ಮೇಲ್ಮಿತಿ ಇಡದಿದ್ದರೆ ಅದು ಪ್ರೀಪೇಯ್ಡಿನ ವೇಷ ಹಾಕಿದ ಉದ್ರಿ.

ಕನ್ನಡದ ಸೇರು ಯಾಕೆ ಚಿಕ್ಕದು?

ಇನ್ನು ನಮ್ಮ ಭಾಷೆಗೆ ತಟ್ಟುವ ವಿಷಯ. ಮೇಲಿನ ಲೆಕ್ಕದಲ್ಲಿ ಸಂದೇಶ ಇಂಗ್ಲಿಷಿನಲ್ಲಿದೆ ಎಂದುಕೊಂಡಿದ್ದೆವು. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟ್ ಜಾಗ. ಅದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ. ಈ ಅಳತೆ ಗೊತ್ತಾದದ್ದು 1980ರ ದಶಕದ ಯುರೋಪಿನಲ್ಲಿ. ಕನ್ನಡದಲ್ಲಿ ಬರೆದರೆ 70 ಮಾತ್ರ. ಉದ್ದದ ಸಂದೇಶವನ್ನು ಒಡೆದು ಕಳಿಸುವಾಗ ಒಂದೊಂದು ತುಂಡಿಗೆ 67. ನಮ್ಮ ಒತ್ತಕ್ಷರ, ದೀರ್ಘ, ಕೊಂಬುಗಳನ್ನು ಯಂತ್ರ ಬೇರೆ ಬೇರೆ ಎಣಿಸುತ್ತದೆ. 150 ಚಿಹ್ನೆಯ ಕನ್ನಡ ಸಂದೇಶ ಮೂರು ಎಸ್‌ಎಂಎಸ್ ಆಗುತ್ತದೆ. ನಮ್ಮ ಸಂಘ ಕನ್ನಡದಲ್ಲೇ ಬರೆದರೆ ಮೊದಲ ಸಂದೇಶಕ್ಕೇ 7,500 ಖರ್ಚು. ಎರಡನೆಯದು 833ನೆಯ ಸದಸ್ಯರಿಗೆ ಮುಟ್ಟುವಷ್ಟರಲ್ಲಿ ತಿಂಗಳ ಪಾಲು ಮುಗಿಯಿತು!

ಕೃತಕ ಬುದ್ಧಿಮತ್ತೆಯ ಸೇವೆಗಳಲ್ಲೂ ಇದೇ ಕಥೆ. ಅಲ್ಲಿ ಬಿಲ್ಲು ಟೋಕನ್ ಲೆಕ್ಕದಲ್ಲಿ. ನಾವು ಬರೆದದ್ದನ್ನು ಯಂತ್ರ ಚೂರು ಮಾಡಿಕೊಳ್ಳುತ್ತದೆ, ಒಂದೊಂದು ಚೂರು ಒಂದು ಟೋಕನ್. ಇಂಗ್ಲಿಷಿನ ಸಾಮಾನ್ಯ ಪದವೊಂದು ಹೆಚ್ಚಾಗಿ ಒಂದೇ ಟೋಕನ್ನು. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿ: ವ್ಯಾಕರಣದ ಮೇಷ್ಟ್ರಿಗೆ ಅದು ಒಂದು ಅಕ್ಷರ, ಕಂಪ್ಯೂಟರಿಗೆ ಆರು ಚಿಹ್ನೆ, 18 ಬೈಟು. ಇಂಗ್ಲಿಷ್ ಬರಹವನ್ನೇ ಹೆಚ್ಚಾಗಿ ನೋಡಿ ಚೂರು ಮಾಡಲು ಕಲಿತ ಯಂತ್ರ ಭಾರತೀಯ ಭಾಷೆಗಳನ್ನು ಪುಡಿ ಪುಡಿ ಮಾಡುತ್ತಿತ್ತು. ಹೇಳುವ ಮಾತು ಒಂದೇ ಆದರೂ ಮೀಟರು ಬೇಗ ಓಡುತ್ತಿತ್ತು. ನಾಣ್ಯ ಹಾಕುವವನಿಗೆ ಕಡಿಮೆ ಗ್ಯಾಸು!

ಆದರೆ ಈ ಅಳತೆ ಕಲ್ಲಿನಲ್ಲಿ ಕೊರೆದದ್ದಲ್ಲ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ತನ್ನ ಹೊಸ ಮಾದರಿಗೆ ಚೂರು ಮಾಡುವ ಕ್ರಮವನ್ನೇ ಬದಲಿಸಿ, ತಾನು ಕೊಟ್ಟ ಮಾದರಿ ವಾಕ್ಯಗಳಲ್ಲಿ ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3 ಪಟ್ಟು, ಮರಾಠಿಗೆ 2.9 ಪಟ್ಟು ಟೋಕನ್ ಕಡಿಮೆಯಾಯಿತೆಂದು ಪ್ರಕಟಿಸಿತು. ಆ ಪಟ್ಟಿಯಲ್ಲಿ ಕನ್ನಡದ ಹೆಸರಿರಲಿಲ್ಲ. ಅಳತೆ ಬದಲಾಗಬಹುದು ಎನ್ನುವುದಂತೂ ಸಾಬೀತಾಯಿತು. ನಿಮಿಷ ಸೆಕೆಂಡಾಯಿತು, ಬಂದ ಕರೆಯ ದುಡ್ಡು ನಿಂತಿತು, ಯುರೋಪಿಗೆ 50 ಯೂರೋದ ಬೀಗ ಬಂತು. ಇವುಗಳ ಹಿಂದೆ ಗ್ರಾಹಕರ ದೂರು, ಸರ್ಕಾರಗಳ ನಿಯಮ, ಪೈಪೋಟಿಗೆ ಬಂದ ಹೊಸ ಕಂಪನಿ, ಯಾವುದಾದರೊಂದು ಇದ್ದೇ ಇದೆ.

ಆದ್ದರಿಂದ ಕೇಳುಗ ಮಿತ್ರರೇ, ನಿಮ್ಮ ಕಚೇರಿಗೋ ಅಂಗಡಿಗೋ ಸಂಘಕ್ಕೋ ಯಾರಾದರೂ ಕ್ರೆಡಿಟ್ ಮಾರಲು ಬಂದಾಗ ಮೂರು ಮಾತು ಕೇಳಿ. ದುಡ್ಡು ಮುಗಿದ ಗಳಿಗೆಯಲ್ಲಿ ಏನಾಗುತ್ತದೆ: ನಿಲ್ಲುತ್ತದೋ, ನಿಧಾನವಾಗುತ್ತದೋ, ಬಿಲ್ಲು ಬೆಳೆಯುತ್ತದೋ? ಉಳಿದ ಕ್ರೆಡಿಟ್ ಎಷ್ಟು ದಿನ ಬದುಕಿರುತ್ತದೆ? ಮತ್ತು ಕನ್ನಡದಲ್ಲಿ ಬರೆದರೆ ಎಷ್ಟು ಎಣಿಸುತ್ತೀರಿ? ಮೂರನೆಯದನ್ನು ನಾವು ಕೇಳದಿದ್ದರೆ ನಮ್ಮ ಪರವಾಗಿ ಬೇರೆ ಯಾರೂ ಕೇಳುವುದಿಲ್ಲ.

ಅಂದ ಹಾಗೆ, ನಿಮ್ಮ ಮನೆಯಲ್ಲೂ ಫೋನಿಗೆ ಬೀಗ ಇತ್ತೇ? ಕೀಲಿ ಯಾರ ಬಳಿ ಇರುತ್ತಿತ್ತು, ಬೀಗ ತೆಗೆಯದೆ ಕರೆ ಮಾಡುವ ವಿದ್ಯೆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ನಾಲ್ಕು ಸಾಲು ಬರೆದು ಕಳಿಸಿ. ಆಯ್ದ ಪತ್ರಗಳನ್ನು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿ ಹೇಳುತ್ತೇನೆ.